ಅರಳೆಗೆ ಹಾಕಿದ ನೀರು

ಪರಿಸರದ ವರದಿ ಬರೆದು ಉದ್ಧಾರವಾದ ಸಣ್ಣ ಕಾರ್ಖಾನೆಗಳ ಬಗ್ಗೆ ಯಾರಾದರೂ ಭಾಷಣ ಮಾಡಿದರೆ ನನಗೆ ಮೈ ಉರಿಯುತ್ತದೆ. ಒಂದು ಕಾಲಕ್ಕೆ ಆ ಭಾಷಣವನ್ನು ನಾನೇ ಮಾಡಿದ್ದೇನೆ, ಚಪ್ಪಾಳೆಯನ್ನೂ ಹೊಡೆಸಿಕೊಂಡಿದ್ದೇನೆ. ಆದ್ದರಿಂದ ಬೇರೆಯವರಿಗಿಂತ ನನಗೇ ಸಿಟ್ಟು ಹೆಚ್ಚು.

ನರಗುಂದದಲ್ಲಿ ನಮ್ಮ ದೊಡ್ಡಪ್ಪನ ಹತ್ತಿ ಗಿರಣಿ ಇತ್ತು. ರೈತರು ತಂದ ಹತ್ತಿಯಿಂದ ಕಾಳು ಬಿಡಿಸಿ, ಅರಳೆಯನ್ನು ಒತ್ತಿ ಬೇಲು ಕಟ್ಟಿ, ನೂಲಿನ ಕಂಪನಿಗಳಿಗೆ ಕಳಿಸುವುದು ಅಲ್ಲಿನ ಕೆಲಸ. ನಾನು ರೋಣದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ಹೆಡ್‌ಮಾಸ್ತರರ ಜೊತೆ ಜಗಳ ಮಾಡಿಕೊಂಡು, ಕೆಲಸ ಬಿಟ್ಟು, ಗಿರಣಿಯ ಆಫೀಸಿನಲ್ಲಿ ಬಂದು ಕುಳಿತಿದ್ದೆ. ಆಗ ಬಿಟಿ ಹತ್ತಿ ನಮ್ಮ ಕರಿಮಣ್ಣಿನ ಎರಿಹೊಲಗಳಿಗೆ ನುಗ್ಗುತ್ತಿದ್ದ ಕಾಲ. ರಸ್ತೆಯಾಚೆ ಹೊಸದಾಗಿ ಎದ್ದ ದೊಡ್ಡ ಗಿರಣಿ ನಮ್ಮ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ನುಂಗುತ್ತಿತ್ತು. ಯುಗಾದಿಯೊಳಗೆ ದೊಡ್ಡ ಆರ್ಡರ್ ಬರದಿದ್ದರೆ ಗಿರಣಿ ಮುಚ್ಚಿ ಗೋದಾಮು ಮಾಡುತ್ತೇನೆಂದು ದೊಡ್ಡಪ್ಪ ದಿನಾ ಬೆಳಿಗ್ಗೆ ಚಹಾದ ಜೊತೆಗೆ ಹೇಳುತ್ತಿದ್ದ.

ಆ ಮಾತಿಗೆ ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು ಶಿರೋಳದಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು. ಐವತ್ತರ ಆಸುಪಾಸಿನವಳು. ಒಂದು ಮೊಣಕಾಲು ಮಡಚುತ್ತಿರಲಿಲ್ಲ, ಹಾಗಾಗಿ ಹೊಲದಲ್ಲಿ ಕೂತು ಕಳೆ ತೆಗೆಯುವುದು ಆಗದು. ಗಿರಣಿಯಲ್ಲಿ ಉಳಿದ ಹೆಂಗಸರೆಲ್ಲ ಕೂತು ಅರಳೆಯೊಳಗಿನ ಕಸ ಆರಿಸುತ್ತಿದ್ದರೆ, ಈಕೆ ತೊಟ್ಟಿಯಿಂದ ಕೊಡ ತುಂಬಿ ತಂದು, ಬೇಲು ಒತ್ತುವ ಮುಂಚೆ ಅರಳೆಯ ರಾಶಿಗೆ ನೀರು ಚಿಮುಕಿಸುತ್ತಿದ್ದಳು. ನಿಂತು ಮಾಡುವ ಕೆಲಸ ಅದೊಂದೇ. ನನ್ನನ್ನು ಕಂಡ ಕೂಡಲೇ ಕೇಳುತ್ತಿದ್ದಳು:

"ಅಕ್ಕಾರ, ಗಿರಣಿ ಚಾಲೂ ಇರತೈತಲ್ರಿ?"

"ಇರತೈತಿ ಬೇ, ಯಾಕ ಚಿಂತಿ ಮಾಡ್ತಿ" ಎಂದು ನಾನು ಅನ್ನುತ್ತಿದ್ದೆ. ಯಾವ ಆಧಾರದ ಮೇಲೆ ಅನ್ನುತ್ತಿದ್ದೆನೋ ನನಗೂ ಗೊತ್ತಿರಲಿಲ್ಲ.

ಶಿವರಾತ್ರಿ ಕಳೆದು ನಾಡತಳಿಯ ಜವಾರಿ ಹತ್ತಿ ಬರತೊಡಗಿದಾಗ ತಮಿಳುನಾಡಿನ ಒಂದು ನೂಲಿನ ಕಂಪನಿಯಿಂದ ಕಾಗದ ಬಂತು. ಅವರಿಗೆ ಜವಾರಿ ಹತ್ತಿಯೇ ಬೇಕಂತೆ. ಆದರೆ ಅವರ ಬಟ್ಟೆ ಕೊಳ್ಳುವ ಪರದೇಶದ ಅಂಗಡಿಗಳಿಗೆ ಪ್ರತಿ ಅಂಗಿಯ ಹಿಂದೆ ಎಷ್ಟು ನೀರು, ಎಷ್ಟು ಡೀಸೆಲ್ ಖರ್ಚಾಗಿದೆ ಎಂದು ತಿಳಿಯಬೇಕಂತೆ. ಅದಕ್ಕೊಂದು ಹನ್ನೆರಡು ಪುಟದ ಫಾರ್ಮು. ಓದುತ್ತ ಓದುತ್ತ ನನ್ನ ಹಲ್ಲು ತಾವೇ ಕಡಿದುಕೊಂಡವು. ಅದರಲ್ಲೊಂದು ಪ್ರಶ್ನೆ: 'ನಿಮ್ಮ ಗಿರಣಿಯಿಂದ ಹವಾಮಾನದ ಮೇಲೆ ಎಷ್ಟು ಹೊರೆ?' ನರಗುಂದದ ಮಾರ್ಚ್ ಬಿಸಿಲಿನಲ್ಲಿ, ಕರೆಂಟು ಹೋದ ಫ್ಯಾನಿನ ಕೆಳಗೆ ಕೂತು ಅದನ್ನು ಓದಬೇಕು. ಹವಾಮಾನದಿಂದ ನಮ್ಮ ಮೇಲೆ ಎಷ್ಟು ಹೊರೆ ಅಂತ ಕೇಳುವ ಒಂದು ಸಾಲೂ ಅದರಲ್ಲಿ ಇರಲಿಲ್ಲ.

ದೊಡ್ಡಪ್ಪನಿಗೆ ಇಂಗ್ಲಿಷ್ ಬಾರದು. "ಏನರ ಬರದ ಕಳಸವಾ. ಗಿಡಾ ಹಚ್ಚೇವಿ, ಹಸರ ಅದೀವಿ ಅಂತ ಬರಿ" ಎಂದು ಖಾಲಿ ಫಾರ್ಮಿಗೇ ಸಹಿ ಹಾಕಿಕೊಟ್ಟ.

ಮಾಸ್ತರಿಕೆ ಮಾಡಿದವರಿಗೆ ಒಂದು ರೋಗ ಇರುತ್ತದೆ. ಪ್ರಶ್ನೆಪತ್ರಿಕೆ ಎದುರಿಗೆ ಬಂದರೆ ಎಲ್ಲ ಪ್ರಶ್ನೆಗೂ ಉತ್ತರ ಬರೆಯಲೇಬೇಕು. ಜನರೇಟರಿಗೆ ಹಾಕುವ ಡೀಸೆಲ್ಲನ್ನು ಅಳೆದೆ. ಕಸದ ಹತ್ತಿ ಎಲ್ಲಿಗೆ ಹೋಗುತ್ತದೆ, ಕಾಳು ಯಾರು ಒಯ್ಯುತ್ತಾರೆ ಎಲ್ಲ ಬರೆದೆ. ಸಣ್ಣ ಗಿರಣಿಗೆ ಇದೊಂದು ಅನುಕೂಲ: ಒಂದು ಸುತ್ತು ಹಾಕಿದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ನೀರಿನ ಪ್ರಶ್ನೆ ಬಂದಾಗ ಶಿರೋಳದಾಕೆಗೆ ಒಂದು ಡಬ್ಬಿ ಕೊಟ್ಟು, ಒಂದು ವಾರ ಕೊಡಕ್ಕೊಂದರಂತೆ ಹತ್ತಿಕಾಳು ಹಾಕಲು ಹೇಳಿದೆ.

"ಯಾಕ್ರಿ ಅಕ್ಕಾರ?"

"ಇದನ್ನ ಬರದ ಕಳಿಸಿದ್ರ ಆರ್ಡರ್ ಬರತೈತಿ ಬೇ. ಗಿರಣಿ ಉಳಿತೈತಿ."

ಆಕೆ ಆ ಡಬ್ಬಿಯನ್ನು ದೇವರ ಡಬ್ಬಿ ಮಾಡಿಕೊಂಡಳು. ಒಂದು ದಿನ ಊಟದ ನಂತರ ಒಂದು ಕಾಳು ಹಾಕಲು ಮರೆತೆನೆಂದು ಆಫೀಸಿನ ತನಕ ಕಾಲು ಎಳೆಯುತ್ತ ಬಂದು ಹೇಳಿ ಹೋದಳು. ವಾರ ಮುಗಿದ ಮೇಲೆ ಎಣಿಸಿ, ಕೊಡವನ್ನು ಲೀಟರಿಗೆ ತಿರುಗಿಸಿ, ನೀಟಾಗಿ ಬರೆದೆ. ಯಾತಕ್ಕೆ ಬಳಸುತ್ತೀರಿ ಎಂಬಲ್ಲಿ 'ಅರಳೆಯ ಮೇಲೆ ಹಾಕಲು' ಎಂದೂ ಬರೆದೆ. ಒಣ ಹತ್ತಿಗೆ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ, ಅದಕ್ಕೇ ನೀರು ಎಂದು ನಾನು ಬಂದ ಹೊಸದರಲ್ಲಿ ದೊಡ್ಡಪ್ಪ ಹೇಳಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿಯವಳು ನಾನು. ನಂಬಿದ್ದೆ.

ಎರಡು ವಾರ ಬಿಟ್ಟು ಕಂಪನಿಯ ಹುಬ್ಬಳ್ಳಿ ಆಫೀಸಿನಿಂದ ಒಬ್ಬ ಸಾಹೇಬ ಬಂದ. ಚಹಾ ಬೇಡವೆಂದು ನೆಟ್ಟಗೆ ಬೇಲುಗಳ ಹತ್ತಿರ ಹೋದ. ತೇವ ಅಳೆಯುವ, ಸೂಜಿಯಂಥ ಮೂಗಿನ ಒಂದು ಯಂತ್ರವನ್ನು ಬೇಲಿನೊಳಗೆ ಚುಚ್ಚಿ ನೋಡಿ ನಕ್ಕ.

"ಇಷ್ಟ ನೀರ ಯಾಕ್ರಿ? ತೂಕ ಹೆಚ್ಚ ಮಾಡಾಕಲ್ಲೇನು?"

ಗಿರಣಿಯಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿದ್ದ ವಿಷಯವದು. ಅರಳೆ ಎಂದು ನಾವು ಮಾರುತ್ತಿದ್ದುದರಲ್ಲಿ ನೀರೂ ಇತ್ತು. ಅದನ್ನು ಲೀಟರುಗಳಲ್ಲಿ ಅಳೆದು, ದೊಡ್ಡಪ್ಪನ ಸಹಿಯ ಮೇಲೆ, ನಾನೇ ಕಳಿಸಿಕೊಟ್ಟಿದ್ದೆ.

ದೊಡ್ಡಪ್ಪ ಕ್ಷಣವೂ ತಡೆಯಲಿಲ್ಲ. ಕೊಡ ಹಿಡಿದು ನಿಂತಿದ್ದ ಶಿರೋಳದಾಕೆಯತ್ತ ಕೈ ಮಾಡಿ, "ಆಕಿ ತನ್ನ ತಲಿಯಿಂದ ಹಾಕ್ಯಾಳ್ರಿ ಸಾಹೇಬ್ರ. ನಮಗ ಗೊತ್ತ ಇಲ್ಲ" ಎಂದ.

ಸಾಹೇಬ ಆಕೆಯ ಕಡೆ ತಿರುಗಿದ. "ಯಾರ ಹೇಳಿದ್ರಬೇ ನಿನಗ?"

ಆಕೆ ದೊಡ್ಡಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಗಿರಣಿ ಉಳಿಯುವುದು ಈಗ ತಾನು ಆಡುವ ಮಾತಿನ ಮೇಲಿದೆ ಎಂದು ಆಕೆಗೆ ಅನ್ನಿಸಿರಬೇಕು.

"ನಾನ ಹಾಕೀನ್ರಿ" ಎಂದಳು.

ಹೆಡ್‌ಮಾಸ್ತರರ ಮುಖಕ್ಕೆ ರಜಿಸ್ಟರ್ ಎಸೆದು ಬಂದವಳು ಅಂದು ನೆಲ ನೋಡುತ್ತ ನಿಂತೆ. ನಾಚಿಕೆಗೇಡು, ಬೇರೆ ಶಬ್ದ ಇಲ್ಲ.

ಆರ್ಡರ್ ಹೋಯಿತು ಎಂದೇ ತಿಳಿದಿದ್ದೆವು. ಆದರೆ ಹತ್ತು ದಿನಕ್ಕೆ ಬಂದ ಕಾಗದದಲ್ಲಿ ಬೇರೆಯೇ ಇತ್ತು. ಫಾರ್ಮು ಕಳಿಸಿದ ಉಳಿದ ಗಿರಣಿಗಳೆಲ್ಲ ನೀರಿನ ಜಾಗದಲ್ಲಿ ಸೊನ್ನೆ ಬರೆದಿದ್ದವು, ಅವರ ಬೇಲುಗಳನ್ನು ಚುಚ್ಚಿದರೆ ಅಲ್ಲಿಯೂ ನೀರೇ. ಇದ್ದದ್ದನ್ನು ಇದ್ದಂತೆ ಬರೆದವರು ನಾವೊಬ್ಬರೇ. ನೀರು ನಿಲ್ಲಿಸಿ, ಏನು ಕ್ರಮ ತೆಗೆದುಕೊಂಡಿರೆಂದು ತಿಳಿಸಿದರೆ ಆ ವರ್ಷದ ಜವಾರಿ ಅರಳೆಯನ್ನೆಲ್ಲ ನಮ್ಮಿಂದಲೇ ಕೊಳ್ಳುತ್ತೇವೆ ಎಂದು ಬರೆದಿದ್ದರು.

ದೊಡ್ಡಪ್ಪ ಪೇಢೆ ತರಿಸಿದ. ಬಾಯಿ ತುಂಬ ಪೇಢೆ ಇಟ್ಟುಕೊಂಡೇ ಹೇಳಿದ: "ಬರಿ. ನೀರ ಬಂದ್ ಮಾಡೇವಿ. ಹಾಕಿದಾಕಿನ್ನ ಕೆಲಸದಿಂದ ತಗದೇವಿ."

"ಆಕೀದೇನ ತಪ್ಪ ದೊಡ್ಡಪ್ಪಾ? ಹಾಕಂದಾಂವ ನೀ."

"ನನ್ನ ತಗದೇವಿ ಅಂತ ಬರೀತಿ ಏನ? ಹಂಗರ ಬರಿ, ನೋಡೋಣ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಎಳೆಯುವ ಕಬ್ಬಿಣ ನನ್ನ ಕೈಯಲ್ಲೇ ಇತ್ತು, ಒಳ್ಳೆಯ ಇಂಗ್ಲಿಷ್. ಬರೆಯುವುದಿಲ್ಲ ಎನ್ನಬಹುದಿತ್ತು. ನಿಂತು ಮಾಡುವ ಬೇರೆ ಏನಾದರೂ ಕೆಲಸ ಹುಡುಕಿ ಕೊಡಬಹುದಿತ್ತು, ಗಿರಣಿ ಗುಡಿಸುವುದಾದರೂ. ಆರ್ಡರ್ ತಂದವಳು ನಾನು ಎಂದು ಎಲ್ಲರೂ ಅನ್ನುತ್ತಿದ್ದ ದಿನಗಳವು, ಆ ಹೊಗಳಿಕೆಯ ರುಚಿ ಹತ್ತಿತ್ತು. ದೊಡ್ಡಪ್ಪ ಹೇಳಿದ್ದನ್ನೇ ಬರೆದೆ.

ಲೆಕ್ಕ ಚುಕ್ತಾ ಮಾಡಿದ ದಿನ ಆಕೆ ಕೊಡವನ್ನು ತೊಟ್ಟಿಯ ಪಕ್ಕ ಬೋರಲು ಹಾಕಿ, "ಗಿರಣಿ ಉಳೀತಲ್ರಿ ಅಕ್ಕಾರ" ಎಂದಷ್ಟೇ ಹೇಳಿ ಬಸ್ಸಿನ ಹೊತ್ತಿಗೆ ಹೋದಳು. ಅದನ್ನು ಚುಚ್ಚಿ ಆಡಿದಳೋ, ನಿಜವಾಗಿಯೇ ಸಮಾಧಾನಕ್ಕೆ ಆಡಿದಳೋ ನನಗೆ ಇವತ್ತಿಗೂ ತಿಳಿದಿಲ್ಲ.

ಮುಂದಿನ ಹಂಗಾಮಿಗೆ ನಮ್ಮ ಒಣ ಬೇಲುಗಳಿಗೆ ಎಲ್ಲರಿಗಿಂತ ಮೇಲಿನ ದರ. ಎದುರಿನ ದೊಡ್ಡ ಗಿರಣಿಗೆ ಆ ಕಂಪನಿ ಬಾಗಿಲು ತೆಗೆಯಲಿಲ್ಲ. ಗಜೇಂದ್ರಗಡದ ನೇಕಾರಿಕೆಯವರು, ರೋಣದ ಎಣ್ಣೆ ಗಿರಣಿಯವರು ಫಾರ್ಮು ಹ್ಯಾಗೆ ತುಂಬುವುದೆಂದು ಕೇಳಲು ಬರತೊಡಗಿದರು. ಹುಬ್ಬಳ್ಳಿಯಲ್ಲಿ ವ್ಯಾಪಾರಿಗಳ ಒಂದು ಸಭೆಗೆ ನನ್ನನ್ನು ಕರೆದು, ಶಾಲು ಹೊದಿಸಿ, ಮೈಕು ಕೊಟ್ಟರು. ಸಣ್ಣವರು ಇದ್ದದ್ದನ್ನು ಇದ್ದಂತೆ ಹೇಳಿದರೆ ದೊಡ್ಡವರನ್ನು ಹಿಂದೆ ಹಾಕಬಹುದು ಎಂದು ಹೇಳಿದೆ. ಡಬ್ಬಿಯ ಕಾಳಿನ ಸಂಗತಿಯನ್ನೂ ಹೇಳಿದೆ, ಜನ ಖುಷಿಪಟ್ಟು ನಕ್ಕರು. ಕಾಳು ಹಾಕಿದವಳ ಗತಿ ಏನಾಯಿತು ಎಂದು ಒಬ್ಬನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಶಾಲು ಚೀಲದಲ್ಲಿಟ್ಟುಕೊಂಡು ಮರುದಿನ ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿಗೇ ಆಕೆ. ಸೀರೆಯ ಅಂಚಿಗೆ ಅರಳೆಯ ಎಳೆಗಳು ಅಂಟಿದ್ದವು. ತಪ್ಪಿಸಿಕೊಂಡು ಹೋಗುವಷ್ಟು ದೂರವಿರಲಿಲ್ಲ.

"ಎಲ್ಲಿ ಕೆಲಸ ಬೇ ಈಗ?" ಎಂದೆ.

"ನಿಮ್ಮ ಎದರಿನ ಗಿರಣ್ಯಾಗ್ರಿ ಅಕ್ಕಾರ. ಅದ ಕೆಲಸ, ನೀರ ಹಾಕೂದು. ಮದ್ಲಿನಕಿಂತ ಭಾಳ ಹಾಕಿಸ್ತಾರ."

"ಚಲೋ ಆತು" ಎಂದೆ.

"ಚಲೋ ಐತ್ರಿ" ಎಂದು ಆಕೆ ಬುತ್ತಿಗಂಟನ್ನು ಕಂಕುಳಿಗೆ ಸರಿಸಿಕೊಂಡಳು. "ಮನ್ನೆ ಅಲ್ಲೂ ಒಬ್ರು ಬಂದಿದ್ರು, ಕಾಗದಾ ಹಿಡಕೊಂಡು. ದಿನಕ್ಕ ಎಷ್ಟ ಕೊಡಾ ಹಾಕ್ತಿ ಅಂತ ಕೇಳಿದ್ರು. ನಂಗ ಎಣಸಾಕ ಬರೂದಿಲ್ರಿ ಅಂತ ಹೇಳಿಬಿಟ್ಟೆ."