ಭಾವನ ಕಣ್ಣಳತೆಯ ವೇಗ

ನಮ್ಮಕ್ಕನ ಗಂಡ ಬಸ್ ಡ್ರೈವರ್, ನಾನು ಅದೇ ಬಸ್ಸಿನ ಕಂಡಕ್ಟರ್. ಮನೆಯಲ್ಲೂ ಅವರ ದರ್ಬಾರು, ದಾರಿಯಲ್ಲೂ ಅವರದೇ. ನನಗೆ ಬಿಡುಗಡೆಯೇ ಇಲ್ಲ. ಬಾಯಿ ಜೋರಾದರೂ ಬಸ್ಸನ್ನು ಮಾತ್ರ ಹದವಾಗಿ ಓಡಿಸಿದವರು. ಅವರ ಬಸ್ಸಿನಲ್ಲಿ ಮಲಗಿದ ಕೂಸು ಇಳಿಯುವವರೆಗೂ ಏಳುತ್ತಿರಲಿಲ್ಲ. ಸ್ಪೀಡೋಮೀಟರ್ ಕೆಟ್ಟು ಎಷ್ಟೋ ಕಾಲವಾಗಿತ್ತು, ಭಾವ ಅದರ ಗೊಡವೆಗೇ ಹೋಗುತ್ತಿರಲಿಲ್ಲ.

"ದೂರದಲ್ಲಿ ಒಂದು ಕಡೆ ಕಣ್ಣು ನೆಡ್ಬೇಕು ಕಣೋ. ಎರಡೂ ಪಕ್ಕದಲ್ಲಿ ಮರ, ಗೋಡೆ ಹಿಂದಕ್ಕೆ ಜಾರ್ತಾವಲ್ಲ, ಎಷ್ಟು ಜೋರಾಗಿ ಹೋಗ್ತಿದೀವಿ ಅಂತ ಅವೇ ಹೇಳ್ತಾವೆ" ಎನ್ನುತ್ತಿದ್ದರು.

ಈಚೆಗೆ ಆ ಲೆಕ್ಕ ತಪ್ಪತೊಡಗಿತು. ಒಂದು ಬೆಳಿಗ್ಗೆ ತಿರುವಿನಲ್ಲಿ ನಾನು ಟಿಕೆಟ್ ಚೀಲದ ಸಮೇತ ಅಜ್ಜಿಯೊಬ್ಬರ ಮಡಿಲಿಗೆ ಬಿದ್ದೆ.

"ಏಳಪ್ಪಾ, ನಾನು ಟಿಕೆಟ್ ತಗೊಂಡಾಯ್ತು" ಎಂದರು ಅಜ್ಜಿ.

ಬಸ್ಸೆಲ್ಲ ನಕ್ಕಿತು. ಆದರೆ ಎಲ್ಲರೂ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರು. ಮುಂದೆ ಹೋಗಿ ಹೇಳಿದರೆ ಭಾವ, "ಜೋರಾ? ಇವತ್ತು ಗಾಡಿ ಎಳೀತಾನೇ ಇಲ್ಲ ಕಣೋ!" ಎಂದರು.

ನನಗೆ ಥಟ್ಟನೆ ಮನೆಯ ಸಂಗತಿಯೊಂದು ನೆನಪಾಯಿತು. ಹಿಂದಿನ ದಿನ ಊಟಕ್ಕೆ ಕೂತಾಗ ಎಡಗೈ ಪಕ್ಕದಲ್ಲಿದ್ದ ನೀರಿನ ಲೋಟ ಉರುಳಿಸಿ, ಇಲ್ಲಿ ಯಾಕೆ ಇಟ್ಟೆ ಎಂದು ಅಕ್ಕನ ಮೇಲೆ ಹರಿಹಾಯ್ದಿದ್ದರು. ಕಣ್ಣಿನ ಪರೀಕ್ಷೆಯಲ್ಲಿ ಕೊನೆಯ ಸಾಲಿನ ಅಕ್ಷರವನ್ನೂ ಪಟಪಟನೆ ಓದುವ ಕಣ್ಣು ಅದು. ನೇರಕ್ಕೆ ಎಲ್ಲವೂ ಕಾಣುತ್ತಿತ್ತು, ಅಂಚು ಮಾತ್ರ ಅಳಿಸಿಹೋಗುತ್ತಿತ್ತು. ಪಕ್ಕದ ಮರ ಜಾರುವುದೇ ಕಾಣದಿದ್ದರೆ ಬಸ್ಸು ತೆವಳುತ್ತಿದೆ ಎಂದೇ ಅನಿಸಬೇಕಲ್ಲ?

ಹೇಳಿದರೆ ಅಕ್ಕನ ಮನೆಯ ಅನ್ನಕ್ಕೆ ಕಲ್ಲು ಹಾಕಿದಂತೆ. ಹೇಳದಿದ್ದರೆ ಬಸ್ಸಿನ ತುಂಬ ಜನ. ನನಗೆ ಭಯವಾಯಿತು, ಅಳುವೂ ಬಂತು.

ಮುಂದಿನ ನಿಲ್ದಾಣದಲ್ಲಿ ನಾನು 'ರೈಟ್' ಎನ್ನಲಿಲ್ಲ. ಅವರ ಎಡಗಡೆ ನಿಂತು ಕೈ ಚಾಚಿದೆ.

"ಭಾವ, ರಸ್ತೆ ನೋಡ್ತಾನೇ ಹೇಳಿ. ನನ್ನ ಕೈಯಲ್ಲಿ ಬೆರಳು ಎಷ್ಟಿದೆ?"

"ಯಾವ ಕೈಯೋ?"

ಕೈ ಸ್ಟೀರಿಂಗ್ ಪಕ್ಕದಲ್ಲೇ ಇತ್ತು. ಭಾವ ಮೆಲ್ಲಗೆ ತಲೆ ತಿರುಗಿಸಿ ಅದನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಎಂಜಿನ್ ಆಫ್ ಮಾಡಿ, "ಡಿಪೋಗೆ ಫೋನ್ ಮಾಡು" ಎಂದರು.

ಬದಲಿ ಡ್ರೈವರ್ ಬಂದ. ಭಾವ ಪ್ರಯಾಣಿಕರ ಸೀಟಿನಲ್ಲಿ ಕೂತು ಕಿಟಕಿಯ ಕಡೆಗೆ ಪೂರ್ತಿ ಮುಖ ತಿರುಗಿಸಿದರು. ಮರಗಳು ಸರಸರನೆ ಹಿಂದಕ್ಕೋಡಿದವು. ಅವರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು.

"ಇವನಿಗೇನು ತಲೆ ಕೆಟ್ಟಿದ್ಯಾ? ನಿಧಾನ ಹೋಗು ಅಂತ ಹೇಳೋ!"

"ನಿಧಾನವಾಗೇ ಹೋಗ್ತಿದಾನೆ ಭಾವ. ನೀವು ಇದಕ್ಕಿಂತ ಜೋರಾಗಿ ಓಡಿಸ್ತಿದ್ರಿ."

ಭಾವ ಹಿಂದೆ ತಿರುಗಿ, ಬಸ್ಸಿನಲ್ಲಿದ್ದವರ ಮುಖವನ್ನೆಲ್ಲ ಒಂದೊಂದಾಗಿ ನೋಡಿದರು.