ಮೊಲಕ್ಕೆ ತಿನ್ನಿಸಿದ ಕೈ

ನಾನು ಕಮಲಾಪುರದಿಂದ ಕಲಬುರಗಿಯ ಶಹಾಬಜಾರಕ್ಕೆ ಸೊಸೆಯಾಗಿ ಬಂದದ್ದು ನಿಜಾಮರ ಕಾಲದಲ್ಲಿ. ಹೈದರಾಬಾದಿಗೆ ವರ್ಗವಾಗಿ ಹೋದ ಅಧಿಕಾರಿಯೊಬ್ಬರು ಕೊಟ್ಟಿದ್ದ ಒಂದು ಜೋಡಿ ಬಿಳಿ ಮೊಲಗಳನ್ನು ಮಾವನವರು ಹಿತ್ತಲಿನ ಗೂಡಿನಲ್ಲಿ ಮಕ್ಕಳಂತೆ ಸಾಕಿದ್ದರು. ತವರಿನಿಂದ ಕೆಂಪು ಬಾಳೆಹಣ್ಣು ಬಂದ ದಿನ ನಾನು ಅವಕ್ಕೆ ಉಗುರಿನಷ್ಟು ಚೂರು ಕೊಟ್ಟೆ. ಮೂರನೆಯ ದಿನ ಗಂಡು ಮೊಲ ಹೊಟ್ಟೆಯುಬ್ಬಿ ಸತ್ತಿತು.

"ಏನ್ ತಿನಿಸಿದಿ ಅದಕ್ಕ?" ಅತ್ತೆ ಕೇಳಿದರು.

"ಒಂದು ಚೂರು ಬಾಳೆಹಣ್ಣರಿ ಅತ್ತಿ, ಅಷ್ಟರಿ."

"ಕೆಂಪು ಹಣ್ಣು. ಅದರಾಗ ಏನದ ಯಾರಿಗ್ಗೊತ್ತು!"

ಅಂದಿನಿಂದ ನಾನು ಹಿತ್ತಲಿಗೆ ಹೋಗಿಬಂದರೆ ಸಾಕು, ಅತ್ತೆ ನನ್ನ ಅಂಗೈ ಮೂಸಿ ನೋಡುತ್ತಿದ್ದರು. ನನಗೂ ಅವರ ಮೇಲೆಯೇ ಗುಮಾನಿ. ಆ ಮೊಲ ಅವರ ರೇಷ್ಮೆ ಸೀರೆಯ ಸೆರಗು ಕಡಿದಿತ್ತು. ಅವರು ಗೂಡಿಗೆ ಎಸೆಯುತ್ತಿದ್ದ ಸೊಪ್ಪನ್ನೆಲ್ಲ ಕದ್ದು ಕೆದಕಿ ನೋಡಿದೆ. ಬರೀ ಕೊತ್ತಂಬರಿ, ಮೂಲಂಗಿ ಎಲೆ.

ವಾರದಲ್ಲೇ ಹೆಣ್ಣು ಮೊಲವೂ ಮುದುಡಿ ಕೂತಿತು. ಅತ್ತೆಯನ್ನು ಹಿಡಿದೇ ಬಿಡಬೇಕೆಂದು ಬೆಳಗಿನ ಜಾವ ಹಿತ್ತಲಲ್ಲಿ ಜೋಳ ತುಂಬಿಡುವ ಎತ್ತರದ ಗುಮ್ಮಿಯ ಮರೆಯಲ್ಲಿ ನಿಂತೆ. ಬಂದವರು ಮಾವನವರು. ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ, ನೆನೆದ ತೊಗರಿಬೇಳೆಗೆ ಬೆಲ್ಲ ಕಲಸಿ ಮುಷ್ಟಿ ತುಂಬ ತಂದಿದ್ದರು.

"ತಿನ್ನವ್ವಾ, ನೀನೂ ಹೋಗಬ್ಯಾಡ," ಎಂದು ಅದರ ಬಾಯಿಗೆ ಹಿಡಿದರು. ಮೊಲ ಮುಖ ತಿರುಗಿಸಿತು.

ಮಾವನವರ ಎದುರು ನಾನು ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ಸೆರಗು ಹೊದ್ದು, ಗೋಡೆಯ ಕಡೆ ಮುಖ ಮಾಡಿ ಹೇಳಿದೆ: "ಮಾವಾರ, ಬ್ಯಾಳಿ ಕೊಡಬ್ಯಾಡ್ರಿ. ನಮ್ಮ ತವರಮನ್ಯಾಗ ನೆನೆದ ಬ್ಯಾಳಿ ತಿಂದು ಆಕಳ ಕರ ಹಿಂಗೇ ಹೊಟ್ಟಿ ಉಬ್ಬಿ ಸತ್ತಿತ್ರಿ."

ಅವರು ಮುಷ್ಟಿಯ ಬೇಳೆಯನ್ನು ದೂರ ಚೆಲ್ಲಿ ಗೂಡಿನ ಮುಂದೆ ಕೂತರು. ಆಮೇಲೆ ಕೇಳಿದರು: "ಗಂಡಿಗೂ ದಿನಾ ಇದನ್ನ ಕೊಟ್ಟೀನಲ್ಲವ್ವಾ! ಮತ್ತ ಏನ್ ಕೊಡಲಿ?"

"ಹೊಟ್ಟಿತುಂಬ ಕರಕಿ ಹುಲ್ಲು ಕೊಡ್ರಿ. ರುಚಿಗಿ ಎರಡು ಎಸಳು ಕೊತ್ತಂಬರಿ, ಎಂದಾರ ಒಂದಿನ ಚೂರು ಹಣ್ಣು."

ಮಾವನವರು ಕೋಟೆಯ ಕಂದಕದ ಬದಿಯಿಂದ ತಾವೇ ಹುಲ್ಲು ಕಿತ್ತು ತಂದರು. ನಾಲ್ಕನೆಯ ದಿನಕ್ಕೆ ಮೊಲ ಓಡಾಡಿತು. ಆದರೆ ಬೇಳೆಯ ವಿಷಯ ಮಾವನವರು ಅತ್ತೆಗೆ ಹೇಳಲೇ ಇಲ್ಲ, ನಾನೂ ಹೇಳಲಿಲ್ಲ. ಮೊಲಕ್ಕೆ ಏನೇ ತಂದರೂ ಮೊದಲು ಬಾಗಿಲಾಚೆಯಿಂದ ನನಗೆ ತೋರಿಸಿ, "ಇದು ನಡೀತದೇನವ್ವಾ?" ಎಂದು ಕೇಳುತ್ತಿದ್ದರು. ಒಲೆಯ ಮುಂದೆ ಕೂತ ಅತ್ತೆ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ಈಗ ಅವರಿಗೆ ಇಬ್ಬರ ಮೇಲೂ ಸಂಶಯ.