ಒಂದೇ ಪಟದಲ್ಲಿ ಎರಡು ಸಲ ನಿಂತ ಚಂದ್ರಿ

ಜೋಳದ ಹಿಟ್ಟು ನಾದಿ ಮೂರನೆಯ ರೊಟ್ಟಿಯನ್ನು ಹಂಚಿಗೆ ಹಾಕಿದ್ದೆ. ನಮ್ಮ ಯಜಮಾನರು ಬಾಗಿಲಲ್ಲೇ ನಿಂತು, "ಚಂದ್ರಿ ಹಿಂಡಿನ್ಯಾಗ ಬಂದಿಲ್ಲ ನೋಡು" ಎಂದರು. ಚಂದ್ರಿ ನಮ್ಮ ಎಮ್ಮೆ. ತಾಯಿ ಸತ್ತ ಕರುವಾಗಿದ್ದಾಗ ನಾನೇ ಬಾಟಲಿ ಹಾಲು ಕುಡಿಸಿ ಬೆಳೆಸಿದವಳು, ಈಗ ಚೊಚ್ಚಲ ಗಬ್ಬದವಳು, ದಿನ ತುಂಬಿದವಳು. ಹೊತ್ತು ಇಳಿದಿತ್ತು, ನಮ್ಮೂರು ತಾಂಬಾದ ಹೊಲಗಳಲ್ಲಿ ಬೀದಿನಾಯಿಗಳ ಹಿಂಡು ತಿರುಗುವುದು ಎಲ್ಲರಿಗೂ ಗೊತ್ತು. ರೊಟ್ಟಿ ಕರಕಾದದ್ದು ನನಗೆ ವಾಸನೆ ಬಂದ ಮೇಲೆಯೇ ತಿಳಿದದ್ದು.

ಸಿಂದಗಿಯ ಕಾಲೇಜಿನಲ್ಲಿ ಕಲಿಸುವ ನಮ್ಮ ಭಾವನವರ ಮಗಳು ಸುಧಾ ಅಂದು ನಮ್ಮಲ್ಲೇ ಇದ್ದಳು. ಅದೇ ಇಳಿಹೊತ್ತಿನಲ್ಲಿ ನೀರಿನ ಟಾಕಿ ಏರಿ, ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಇಷ್ಟಿಷ್ಟೇ ತಿರುಗಿಸುತ್ತ ನೂರಾರು ಚಿತ್ರ ತೆಗೆದು, ಕೌದಿಗೆ ತುಂಡು ಕೂಡಿಸಿ ಹೊಲಿದಂತೆ ಕಂಪ್ಯೂಟರಿನಲ್ಲಿ ಜೋಡಿಸಿ, ಊರನ್ನೆಲ್ಲ ಒಂದೇ ಪಟ ಮಾಡಿದ್ದಳು. ಅದರ ಸೋಜಿಗ ನೋಡಿ: ಸುಮ್ಮನೆ ನೋಡಿದರೆ ಇಡೀ ಊರು, ಹಿಗ್ಗಿಸುತ್ತ ಹೋದರೆ ನಮ್ಮ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿಯ ತೊಟ್ಟು! ಜಗತ್ತನ್ನೆಲ್ಲ ನೋಡುವವನಿಗೆ ನನ್ನಂಥವಳ ಒಲೆಯೂ ಕಾಣುವುದು ಹೇಗೆ ಎಂದು ವಿಠ್ಠಲನ ಪೂಜೆಗೆ ಕುಳಿತಾಗ ಎಷ್ಟೋ ಸಲ ಅನುಮಾನ ಪಟ್ಟಿದ್ದೆ, ಸುಳ್ಳೇಕೆ ಹೇಳಲಿ.

ಆ ಪಟದಲ್ಲೇ ಹುಡುಕಿದೆವು. ಎಡಗೊಂಬು ಜೋಲಿದ ಚಂದ್ರಿ ನಿಂಬೆ ತೋಟದ ಬೇಲಿಯ ಬಳಿ ಸಿಕ್ಕಳು. ಇನ್ನಷ್ಟು ಬಲಕ್ಕೆ ಸರಿದರೆ, ಹಳ್ಳದ ಜಾಲಿಗಿಡಗಳ ಹತ್ತಿರ ಮತ್ತೆ ಅದೇ ಚಂದ್ರಿ!

"ಒಂದ ಎಮ್ಮಿ ಎರಡ ಕಡೆ ಹೆಂಗ ನಿಂತೈತಿ? ನಿನ್ನ ಕ್ಯಾಮೆರಾಕ್ಕ ಚಾಳೀಸ ಬಂದೈತೇನ ಸುಧಾ?" ಎಂದು ಯಜಮಾನರು ರೇಗಿದರು.

"ತಿರುಗಿಸಿ ತಗಿಯೂವಾಗ ನಡದಾಡೋವು ಎರಡ ಸಲ ಬೀಳ್ತಾವ್ರಿ ಕಾಕಾ. ತಪ್ಪದು, ಅಳಿಸಿ ಹಾಕ್ತೇನಿ."

"ಅಳಿಸಬ್ಯಾಡವ್ವ!" ಎಂದೆ. "ಬಲಗಡೇದು ಆಮ್ಯಾಲೆ ತಗದದ್ದಲ್ಲ? ಅಂದ್ರ ಆಕಿ ಹಳ್ಳದ ಕಡೆ ಹೊಂಟಾಳ."

ನಿಂಬೆ ತೋಟಕ್ಕೆ ಹೊರಟಿದ್ದ ಯಜಮಾನರನ್ನು ಹಳ್ಳದ ಕಡೆ ತಿರುಗಿಸಿಕೊಂಡು ನಡೆದೆ. ಜಾಲಿಯ ಮರೆಯಲ್ಲಿ ಚಂದ್ರಿ ನಿಂತಿದ್ದಳು. ಕಾಲಬುಡದಲ್ಲಿ ಇನ್ನೂ ಒದ್ದೆಯಾಗಿದ್ದ ಹೆಣ್ಣು ಕರು. ಆಚೆ ದಂಡೆಯಲ್ಲಿ ಹೊಂಚಿ ಕುಳಿತ ನಾಯಿಗಳು. ಕಲ್ಲು ಬೀಸಿ ಅವನ್ನು ಓಡಿಸಿದೆ, "ವಿಠ್ಠಲಾ!" ಎಂದು ಊರಿಗೇ ಕೇಳುವಂತೆ ಕೂಗಿದೆ.

ಇಬ್ಬರು ಚಂದ್ರಿಯರನ್ನೂ ಹಾಗೆಯೇ ಉಳಿಸಿ, ಸುಧಾ ಪಟವನ್ನು ಎಲ್ಲರೂ ಮೊಬೈಲಿನಲ್ಲಿ ನೋಡುವಂತೆ ಹಾಕಿದಳು. ಮರುದಿನ ಕರಕಾದ ಹಂಚನ್ನು ತಿಕ್ಕುತ್ತಿದ್ದಾಗ ಮುದ್ದೇಬಿಹಾಳದಿಂದ ತಂಗಿಯ ಫೋನು: "ಅಕ್ಕಾ, ನಮಗೊಂದ ಮಾತ ಹೇಳದ ಎರಡನೇ ಎಮ್ಮಿ ಯಾವಾಗ ಕಟ್ಟಿದ್ರಿ?"

"ನಿನ್ನೆ ಸಂಜಿಮುಂದ!" ಎಂದೆ, ನಗು ತಡೆಯದೆ.

ಕರುವಿನ ಪಾಲು ಬಿಟ್ಟು ಉಳಿದ ಹಾಲಿನ ಗಿಣ್ಣವನ್ನು ದೇವರ ಮುಂದಿಟ್ಟು, ಹಂಚು ಏರಿಸಿ ರೊಟ್ಟಿ ತಟ್ಟಲು ಕುಳಿತೆ. ಇಡೀ ರೊಟ್ಟಿಯ ಮೇಲೆ ಕಣ್ಣಿಟ್ಟೇ ಅದರ ಅಂಚಿನ ಸಣ್ಣ ಬಿರುಕನ್ನೂ ಬೆರಳು ಕೂಡಿಸುತ್ತ ಹೋಯಿತು. ದೊಡ್ಡದನ್ನು ನೋಡುವವನಿಗೆ ಸಣ್ಣದು ಕಾಣುವುದು ಹೇಗೆಂದು ನಾನಿನ್ನು ಕೇಳುವುದಿಲ್ಲ.